ಬೀಗದಕೈಯೂ ರಾಜ್ಯಭಾರವೂ

ನಮ್ಮ ಹಿರಿಯರ ಮನೆಗಳಲ್ಲಿ ಯಜಮಾನಿಕೆಯ ಗುರುತು ಕಿರೀಟವಲ್ಲ, ಸಿಂಹಾಸನವಲ್ಲ. ಮನೆಯೊಡತಿಯ ಸೊಂಟದಲ್ಲಿ ತೂಗುತ್ತಿದ್ದ ಒಂದು ಬೀಗದಕೈ ಗೊಂಚಲು. ಉಗ್ರಾಣದ್ದೊಂದು, ಹಣದ ಪೆಟ್ಟಿಗೆಯದೊಂದು, ಒಡವೆಯ ಪೆಟ್ಟಿಗೆಯದೊಂದು, ಹೀಗೆ ನಾಲ್ಕಾರು ಕಬ್ಬಿಣದ ತುಂಡುಗಳು. ಅವುಗಳ ತೂಕ ಕಾಲು ಸೇರೂ ಆಗಲಾರದು. ಆದರೂ ಆ ಗೊಂಚಲು ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಹೋಗುವಾಗ ಎಷ್ಟು ಮನೆಗಳು ನಡುಗಿಲ್ಲ! ಎಷ್ಟು ಮನೆಗಳಲ್ಲಿ ಒಂದು ಒಲೆ ಎರಡಾಗಿಲ್ಲ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ಎಲ್ಲರೂ ಬಲ್ಲರು; ಆದರೆ ಒಂದು ಕಾಲ ಮುಗಿದು ಇನ್ನೊಂದು ಕಾಲ ಮೊದಲಾಗುವ ನಡುವಣ ಗಳಿಗೆಯನ್ನು ಹೇಗೆ ದಾಟಬೇಕೆಂಬುದನ್ನು ಮಾತ್ರ ಆ ಗಾದೆ ಹೇಳಿಕೊಡುವುದಿಲ್ಲ.

ಈ ತಿಂಗಳು ನಾವು ಆ ಗಳಿಗೆಯ ವಿಷಯವಾಗಿಯೇ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ನಾಯಕತ್ವ, ಅಧಿಕಾರ ಎಂದೊಡನೆ ನಮ್ಮ ಮನಸ್ಸು ರಾಜಧಾನಿಯ ಕಡೆಗೆ ಓಡುವುದು. ಮಂತ್ರಿಗಳೂ ಅಧಿಕಾರಿಗಳೂ ಕಣ್ಣ ಮುಂದೆ ನಿಲ್ಲುವರು. ಆದರೆ ಮೂರು ಮಕ್ಕಳ ತಾಯಿಗೆ ಆ ಮೂವರ ಮೇಲಿರುವ ಅಧಿಕಾರವೂ ಅಧಿಕಾರವೇ. ಶಾಲೆಯ ಉಪಾಧ್ಯಾಯರದೂ, ದೇವಸ್ಥಾನದ ಪಾರುಪತ್ಯಗಾರರದೂ, ಕೂಡು ಕುಟುಂಬದ ಹಿರಿಯಣ್ಣನದೂ ಅಧಿಕಾರವೇ. ವ್ಯಾಪ್ತಿಯಲ್ಲಿ ಹೆಚ್ಚು ಕಡಿಮೆಯುಂಟು, ಧರ್ಮದಲ್ಲಿ ಭೇದವಿಲ್ಲ. ಆದುದರಿಂದ ಮೊದಲು ಒಂದು ಸಣ್ಣ ಮನೆಯ ಸಂಗತಿಯನ್ನು ಹೇಳಿ, ಬಳಿಕ ಒಂದು ದೊಡ್ಡ ಮನೆಯ ಸಂಗತಿಗೆ ಹೋಗುವೆವು.

ನಾವು ಹತ್ತಿರದಿಂದ ಬಲ್ಲ ಮನೆಯೊಂದುಂಟು. ಅಣ್ಣತಮ್ಮಂದಿರಿಬ್ಬರು ಕೂಡಿ ಬಾಳುತ್ತಿದ್ದರು. ಅಣ್ಣ ಅಕಾಲದಲ್ಲಿ ತೀರಿಕೊಂಡ. ಒಂಬತ್ತು ವರ್ಷದ ಒಬ್ಬನೇ ಮಗ ಉಳಿದ. ತಮ್ಮನು ಅತ್ತಿಗೆಯನ್ನು ತಾಯಿಯಂತೆ ಕಂಡ; ಹುಡುಗನನ್ನು ತನ್ನ ಮಕ್ಕಳಿಗಿಂತ ಒಂದು ಕೈ ಮೇಲಾಗಿಯೇ ಓದಿಸಿದ. ಅಣ್ಣನ ಪಾಲಿನ ಅಡಕೆಯ ತೋಟವನ್ನೂ ಎರಡು ಗದ್ದೆಗಳನ್ನೂ ಬೆವರು ಸುರಿಸಿ ನೋಡಿಕೊಂಡ. ಊರವರೆಲ್ಲರೂ ಅವನನ್ನು ಹೊಗಳಿದರು. ಆ ಹೊಗಳಿಕೆಗೆ ಅವನು ಅರ್ಹನೇ ಆಗಿದ್ದ. ಹುಡುಗನಿಗೆ ಇಪ್ಪತ್ತೆರಡು ತುಂಬಿದ ವರ್ಷ, ಒಂದು ಸಂಜೆ, ಅವನು ತಗ್ಗಿದ ದನಿಯಲ್ಲಿ, "ಚಿಕ್ಕಪ್ಪಾ, ತೋಟದ ಲೆಕ್ಕವನ್ನು ಒಂದು ಸಲ ನನಗೂ ತೋರಿಸುವಿರಾ?" ಎಂದು ಕೇಳಿದ. ಚಿಕ್ಕಪ್ಪನ ಮುಖ ಕೆಂಪಾಯಿತು. "ನಿನ್ನ ಅನ್ನ ತಿಂದವನೇನೋ ನಾನು? ನನ್ನನ್ನೇ ಲೆಕ್ಕ ಕೇಳುವಷ್ಟು ದೊಡ್ಡವನಾದೆಯಾ?" ಎಂದವನು ಊಟದೆಲೆಯಿಂದ ಎದ್ದು ಹೋದ. ಅಂದಿನಿಂದ ಆರು ವರ್ಷ ಆ ಮನೆಯಲ್ಲಿ ಅವರಿಬ್ಬರು ಒಂದು ಮಾತನಾಡಲಿಲ್ಲ.

ಕಡೆಗೆ ಪಂಚಾಯಿತಿ ಸೇರಿತು. ಚಿಕ್ಕಪ್ಪನಲ್ಲಿ ಪುಸ್ತಕವೇ ಇರಲಿಲ್ಲ. ಹದಿಮೂರು ವರ್ಷದ ಜಮಾಖರ್ಚೆಲ್ಲವೂ ಅವನ ತಲೆಯಲ್ಲಿತ್ತು. ಪಂಚರು ಮಂಡಿಯವರ ಖಾತೆಗಳನ್ನು ತರಿಸಿ, ಕಂದಾಯದ ರಸೀದಿಗಳನ್ನು ಜೋಡಿಸಿ, ಎರಡು ತಿಂಗಳು ತಡಕಾಡಿ ನೋಡಿದರು. ಒಂದು ಕಾಸೂ ತಪ್ಪಿರಲಿಲ್ಲ. ಹಣ ಸರಿಯಾಗಿತ್ತು, ಮನೆ ಮಾತ್ರ ಎರಡಾಯಿತು.

ಈ ಸಂಗತಿಯು ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ಕೊರೆಯುತ್ತಿದೆ. ಚಿಕ್ಕಪ್ಪನು ಕಳ್ಳನಾಗಿದ್ದರೆ ವಿಚಾರ ಸುಲಭವಾಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಅದನ್ನು ಎಲ್ಲರೂ ಕಾಣುವರು, ಎಲ್ಲರೂ ಹಳಿಯುವರು. ಇಲ್ಲಿ ಬೇಲಿಯು ಒಂದು ಹುಲ್ಲುಕಡ್ಡಿಯನ್ನೂ ಮೇಯಲಿಲ್ಲ. ಆದರೆ ಹೊಲ ತನ್ನದಲ್ಲವೆಂಬುದನ್ನು ಅದು ಮರೆಯಿತು. ಪ್ರಾಮಾಣಿಕನಾದವನು ಲೆಕ್ಕ ಒಪ್ಪಿಸಬೇಕಾದುದಿಲ್ಲವೆಂದು ಅವನು ತಿಳಿದ. ನಿಜವಾಗಿ ನೋಡಿದರೆ, ಲೆಕ್ಕ ಒಪ್ಪಿಸುವುದು ಪ್ರಾಮಾಣಿಕನಿಗೆ ಮಾತ್ರ ಸುಲಭವಾದ ಕೆಲಸ. ಅಧಿಕಾರವನ್ನು ಕೆಟ್ಟದ್ದಕ್ಕೆ ಬಳಸದಿರುವುದು ಒಂದು ಗುಣ. ಅದು ಇನ್ನೊಬ್ಬರದೆಂದು ತಿಳಿದು ಬಳಸುವುದು ಬೇರೊಂದು ಗುಣ. ಮೊದಲನೆಯದಿದ್ದರೆ ಮನುಷ್ಯನು ಒಳ್ಳೆಯವನಾಗುವನು. ಎರಡನೆಯದೂ ಇದ್ದರೆ ಒಳ್ಳೆಯ ನಾಯಕನಾಗುವನು.

ಇನ್ನು ದೊಡ್ಡ ಮನೆಯ ಸಂಗತಿ. ತಂದೆಯಿಲ್ಲದ ಬಾಲಕನೊಬ್ಬನ ಸ್ವತ್ತನ್ನು ಹಿರಿಯರೊಬ್ಬರು ನೋಡಿಕೊಂಡು ಕಾಲ ಬಂದಾಗ ಒಪ್ಪಿಸಬೇಕಾದ ಇಂಥ ಪ್ರಸಂಗವು ಮೈಸೂರಿನ ಅರಮನೆಯಲ್ಲಿಯೇ, ಒಂದು ಶತಮಾನದೊಳಗೆ ಎರಡು ಸಲ ನಡೆಯಿತು. ಅಲ್ಲಿ ಸ್ವತ್ತೆಂದರೆ ತೋಟ ಗದ್ದೆಗಳಲ್ಲ. ಒಂದು ಸೀಮೆಗೆ ಸೀಮೆಯೇ.

ಮೊದಲನೆಯದು 1799ನೆಯ ಇಸವಿಯದು. ಮೇ ತಿಂಗಳ 4ನೆಯ ತಾರೀಖು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಇಂಗ್ಲಿಷರು ಹಳೆಯ ಒಡೆಯರ ವಂಶದ ಬಾಲಕನನ್ನು ಹುಡುಕಿ ತಂದು ಜೂನ್ 30ರಂದು ಪಟ್ಟಗಟ್ಟಿದರು. ಆತನೇ ಮುಮ್ಮಡಿ ಕೃಷ್ಣರಾಜ ಒಡೆಯರು; ಅಂದು ಅವರ ವಯಸ್ಸು ಐದು ವರ್ಷ. ರಾಜ್ಯಭಾರದ ಹೊರೆಯೆಲ್ಲವೂ ದಿವಾನ್ ಪೂರ್ಣಯ್ಯನವರ ಮೇಲೆ ಬಿದ್ದಿತು. ಹೈದರನ ಕಾಲದಿಂದ ಲೆಕ್ಕಪತ್ರಗಳಲ್ಲಿ ಪಳಗಿದ ಕೈ ಅದು. ಯುದ್ಧದಿಂದ ನೊಂದ ನಾಡಿನಲ್ಲಿ ಅವರು ಕೆರೆಗಳನ್ನು ಕಟ್ಟಿಸಿದರು, ದಾರಿಗಳನ್ನು ಮಾಡಿಸಿದರು. ಶ್ರೀರಂಗಪಟ್ಟಣದ ಬಳಿ 1804ರಲ್ಲಿ ಕಾವೇರಿಗೆ ಕಲ್ಲಿನ ಸೇತುವೆಯನ್ನು ಕಟ್ಟಿಸಿದರು. ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿಯನ್ನು ಕಂಪನಿಗೆ ಸಲ್ಲಿಸಿಯೂ ಬೊಕ್ಕಸವನ್ನು ಬರಿದಾಗಲು ಬಿಡಲಿಲ್ಲ. ಇಷ್ಟು ಸಮರ್ಥರಾದ ಆಡಳಿತಗಾರರು ನಮ್ಮ ನಾಡಿನ ಚರಿತ್ರೆಯಲ್ಲಿ ಬಹಳ ಮಂದಿ ಇಲ್ಲ.

ಹೀಗಿದ್ದರೂ, ಬಾಲಕನು ಬೆಳೆದು ಅಧಿಕಾರವನ್ನು ಒಪ್ಪಿಸಬೇಕಾದ ದಿನ ಸಮೀಪಿಸಿದಾಗ, ವೃದ್ಧ ದಿವಾನರು ಅದನ್ನು ಬಿಟ್ಟುಕೊಡಲು ಹಿಂಜರಿದರೆಂದು ಚರಿತ್ರಕಾರರು ಬರೆದಿದ್ದಾರೆ. ಹನ್ನೆರಡು ವರ್ಷ ತಾನು ಎದೆಯಲ್ಲಿಟ್ಟು ಸಾಕಿದ ರಾಜ್ಯವನ್ನು ಹದಿನಾರು ಹದಿನೇಳರ ಹುಡುಗನ ಕೈಗೆ ಹೇಗೆ ಕೊಡುವುದೆಂಬ ಭಯವು ಅವರಲ್ಲಿದ್ದರೆ ಅದು ಅಸಹಜವೇನೂ ಅಲ್ಲ. ಹುಡುಗನ ಸುತ್ತಲಿದ್ದವರಿಗೋ ಮುದುಕರ ಮೇಲೆ ಅಸಹನೆ. ಮನಸ್ಸುಗಳು ಮುರಿದವು. 1811ರಲ್ಲಿ ಪೂರ್ಣಯ್ಯನವರು ಕೆಲಸದಿಂದ ದೂರವಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ಮರುವರ್ಷ ಮಾರ್ಚಿಯಲ್ಲಿ ಅಲ್ಲಿಯೇ ತೀರಿಕೊಂಡರು. ತುಂಬಿದ ಬೊಕ್ಕಸವನ್ನು ಅವರು ಬಿಟ್ಟು ಹೋದರು. ಆದರೆ ಆ ಬೊಕ್ಕಸವನ್ನು ಆಳಬಲ್ಲ ಕೈಯನ್ನು ತಯಾರು ಮಾಡಿ ಹೋಗಲಿಲ್ಲ.

ಮುಂದೆ ನಡೆದುದು ಎಲ್ಲರಿಗೂ ತಿಳಿದೇ ಇದೆ. ತರುಣ ಅರಸರು ಉದಾರಿಗಳು, ಕಲಾರಸಿಕರು, ವಿದ್ವಾಂಸರಿಗೆ ಆಶ್ರಯದಾತರು. ಆದರೆ ಕಂದಾಯದ ಕಡತಗಳ ಒಳಗುಟ್ಟನ್ನು ಅವರಿಗೆ ಹೇಳಿಕೊಟ್ಟವರು ಯಾರು? ಬೊಕ್ಕಸ ಕರಗಿತು. ಕಂದಾಯ ವಸೂಲಿಯ ಅಧಿಕಾರಿಗಳ ಕಾಟವನ್ನು ತಾಳಲಾರದೆ ನಗರದ ಸೀಮೆಯ ರೈತರು 1830ರಲ್ಲಿ ಕೂಟ ಕಟ್ಟಿ ಎದ್ದರು. 1831ರಲ್ಲಿ ಕಂಪನಿಯವರು ಆ ನೆಪದಿಂದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಕಂಪನಿಯು ಹೊರಿಸಿದ ತಪ್ಪುಗಳೆಲ್ಲವೂ ಅರಸರವೇ ಅಲ್ಲವೆಂದು ಮುಂದೆ ಹಲವರು ತೋರಿಸಿದ್ದಾರೆ. ಆದರೂ ಅರಸರು 1868ರಲ್ಲಿ ಕಣ್ಣು ಮುಚ್ಚುವವರೆಗೂ ರಾಜ್ಯವು ಅವರ ಕೈಗೆ ಮರಳಿ ಬರಲಿಲ್ಲ. ಅದು ಬಂದುದು 1881ರ ಮಾರ್ಚಿ 25ರಂದು, ಅವರ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರ ಕೈಗೆ. ಒಂದು ಗೊಂಚಲು ಕೈಬದಲಾಗುವ ಗಳಿಗೆ ಕೆಟ್ಟುದರ ನಷ್ಟದಲ್ಲಿ ಐವತ್ತು ವರ್ಷ ಒಂದು ಪಾಲಾಗಿ ಹೋಯಿತೆಂದರೆ ಹೆಚ್ಚು ಹೇಳಿದಂತಾಗದು.

ಎರಡನೆಯ ಪ್ರಸಂಗವು ಅದೇ ಚಾಮರಾಜೇಂದ್ರ ಒಡೆಯರ ಮರಣದಿಂದ ಮೊದಲಾಗುತ್ತದೆ. 1894ರ ಡಿಸೆಂಬರಿನಲ್ಲಿ ಅವರು ಕಲ್ಕತ್ತೆಗೆ ಹೋಗಿದ್ದಾಗ ಗಂಟಲಿನ ಮಾರಿಯಾದ ಡಿಫ್ತೀರಿಯಾ ರೋಗವು ತಗಲಿ, 28ನೆಯ ತಾರೀಖು ತೀರಿಕೊಂಡರು. ಅವರಿಗೆ ಆಗ ಮೂವತ್ತೊಂದೇ ವರ್ಷ. ಹಿರಿಯ ಮಗ ಕೃಷ್ಣರಾಜರಿಗೆ ಹತ್ತು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಮೂವತ್ತು ಇನ್ನೂ ತುಂಬಿರಲಿಲ್ಲ. 1895ರ ಫೆಬ್ರವರಿ 1ರಂದು ಬಾಲಕನಿಗೆ ಪಟ್ಟವಾಯಿತು. ಅವನ ಪರವಾಗಿ ರಾಜ್ಯವನ್ನಾಳುವ ರೀಜೆಂಟ್ ಪದವಿಯು ತಾಯಿಯವರ ಪಾಲಿಗೆ ಬಂದಿತು. ವಾಣೀವಿಲಾಸ ಸನ್ನಿಧಾನವೆಂಬ ಬಿರುದಿನಿಂದ ನಾಡು ಇಂದಿಗೂ ಅವರನ್ನು ನೆನೆಯುತ್ತದೆ.

ವಾಚಕಿಯರು ಒಂದು ಕ್ಷಣ ಆ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಗಂಡನನ್ನು ಕಳೆದುಕೊಂಡ ದುಃಖ ಆರಿಲ್ಲ, ಮಕ್ಕಳು ಚಿಕ್ಕವರು, ಅಂತಃಪುರದ ಆಚೆಗೆ ಹೆಂಗಸರು ಕಾಲಿಡದ ಕಾಲ. ಎದುರಿಗೆ ಸರ್ ಕೆ. ಶೇಷಾದ್ರಿ ಅಯ್ಯರಂಥ ದಿವಾನರು. 1883ರಿಂದ ಆ ಪದವಿಯಲ್ಲಿದ್ದು ರಾಜ್ಯದ ಮೂಲೆ ಮೂಲೆಯನ್ನೂ ಬಲ್ಲವರು. ಮೇಲೆ ಇಂಗ್ಲಿಷ್ ಸರಕಾರದ ಕಣ್ಣು. ಇಂಥಲ್ಲಿ ಎರಡು ಅಪಾಯಗಳುಂಟು. ಏನೂ ತಿಳಿಯದೆಂದು ಎಲ್ಲವನ್ನೂ ಇನ್ನೊಬ್ಬರಿಗೆ ಬಿಟ್ಟು ಮೊಹರು ಮಾತ್ರ ಒತ್ತುವುದು ಒಂದು; ಎಲ್ಲವೂ ತನಗೇ ತಿಳಿದಿದೆಯೆಂದು ಬಲ್ಲವರನ್ನು ದೂರ ಮಾಡುವುದು ಇನ್ನೊಂದು. ಮಹಾರಾಣಿಯವರ ಆಡಳಿತವು ದಿವಾನರ ಅಧ್ಯಕ್ಷತೆಯ ಒಂದು ಆಲೋಚನಾ ಸಭೆಯ ಮೂಲಕ ನಡೆಯಿತು. ಬಲ್ಲವರು ಬಲ್ಲ ಕೆಲಸವನ್ನು ಮಾಡಿದರು. ಆದರೆ ಮುಖ್ಯ ಕಾರ್ಯಗಳು ರೀಜೆಂಟರ ಒಪ್ಪಿಗೆಯಿಲ್ಲದೆ ನಡೆಯುವಂತಿರಲಿಲ್ಲ.

ಆ ಏಳು ವರ್ಷಗಳು ಸುಖದ ವರ್ಷಗಳಾಗಿರಲಿಲ್ಲ. 1897ರಲ್ಲಿ ರಾಜಕುಮಾರಿಯ ಮದುವೆಯ ಕಾಲದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಿತು. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಜನರು ಮನೆಮಠ ಬಿಟ್ಟು ಓಡಿದರು. ಇದರ ನಡುವೆಯೇ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಮಹಾರಾಣಿಯವರು 1897ರ ಜೂನ್ 22ರಂದು ಅಸ್ತಿಭಾರವನ್ನು ಹಾಕಿದರು. 1900ರ ಡಿಸೆಂಬರಿನಲ್ಲಿ ಅದು ತೆರೆಯಿತು. ಇಕ್ಕಟ್ಟಾದ ಹಳೆಯ ಪೇಟೆಗಳಿಂದಾಚೆಗೆ ಗಾಳಿ ಬೆಳಕುಳ್ಳ ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ಬೆಳೆದವು. ಚಿತ್ರದುರ್ಗದ ಸೀಮೆಯ ಬರಗಾಡಿನಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆಯ ಕೆಲಸ ಮೊದಲಾಯಿತು. ಕಾವೇರಿಯ ಶಿವನಸಮುದ್ರದ ಧುಮುಕಿನಿಂದ ವಿದ್ಯುಚ್ಛಕ್ತಿಯನ್ನು ತೆಗೆದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸುವ ಕೆಲಸವು ನಡೆದು, 1902ರ ಜೂನ್ ಕೊನೆಯಲ್ಲಿ ಶಕ್ತಿಯು ಅಲ್ಲಿಗೆ ಮುಟ್ಟಿತು.

ಇವುಗಳ ಕಾಲವನ್ನು ವಾಚಕರು ಸ್ವಲ್ಪ ಗಮನಿಸಬೇಕು. ಮಾರಿಕಣಿವೆಯ ಕಟ್ಟೆಯು ಮುಗಿದುದು 1907ರಲ್ಲಿ, ರೀಜೆನ್ಸಿ ಕಳೆದು ಐದು ವರ್ಷದ ಮೇಲೆ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ. ಶಿವನಸಮುದ್ರದ ಕೆಲಸಕ್ಕಾಗಿ ದುಡಿದ ಶೇಷಾದ್ರಿ ಅಯ್ಯರವರು ಅದರ ಫಲವನ್ನು ಕಾಣದೆ 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡರು. ತನ್ನ ಅಧಿಕಾರದ ಅವಧಿಯಲ್ಲಿಯೇ ಹಣ್ಣು ಬಿಡುವ ಗಿಡವನ್ನು ಮಾತ್ರ ನೆಡುವೆನೆಂಬವನು ಬಾಳೆಯನ್ನು ನೆಡುವನು. ತೆಂಗನ್ನು ನೆಡುವವನು ಮೊಮ್ಮಕ್ಕಳ ಬಾಯಾರಿಕೆಯನ್ನು ನೆನೆಯುವನು. ಅಧಿಕಾರವು ತನ್ನದಲ್ಲವೆಂದು ಬಲ್ಲವರಿಗೆ ಮಾತ್ರ ಇನ್ನೊಬ್ಬರ ಕಾಲದಲ್ಲಿ ಮುಗಿಯುವ ಕೆಲಸವನ್ನು ಮೊದಲು ಮಾಡಲು ಮನಸ್ಸು ಬರುವುದು.

ನಾವು ಬರಿಯ ಸ್ತುತಿಪಾಠಕರಾಗಲು ಇಷ್ಟಪಡುವುದಿಲ್ಲ. ಸುಟ್ಟ ಅರಮನೆಯ ಸ್ಥಳದಲ್ಲಿ ಅದೇ 1897ರಲ್ಲಿ ಮೊದಲಾದ ಹೊಸ ಅರಮನೆಗೆ, 1912ರಲ್ಲಿ ಅದು ಮುಗಿಯುವ ಹೊತ್ತಿಗೆ, 41 ಲಕ್ಷ ರೂಪಾಯಿಗೂ ಮೇಲ್ಪಟ್ಟು ವೆಚ್ಚವಾಯಿತು. ಪ್ಲೇಗಿನಿಂದ ಜನ ಸಾಯುತ್ತಿದ್ದ ದಿನಗಳಲ್ಲಿ ಇಷ್ಟು ಹಣವನ್ನು ಕಲ್ಲು ಗಾಜುಗಳಿಗೆ ಸುರಿಯಬೇಕಾಗಿತ್ತೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯು ನ್ಯಾಯವಾದುದೇ. ಒಳ್ಳೆಯ ಆಡಳಿತವೆಂದರೆ ಪ್ರಶ್ನೆಗೆ ಎಡೆಯಿಲ್ಲದ ಆಡಳಿತವಲ್ಲ. ಪ್ರಶ್ನೆಯನ್ನು ಕೇಳಲು ಎಡೆಯಿರುವ ಆಡಳಿತ.

ಆ ಎಡೆಯು ಮೈಸೂರಿನಲ್ಲಿ ಸ್ವಲ್ಪಮಟ್ಟಿಗೆ ಇತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಏರ್ಪಟ್ಟ ಪ್ರಜಾಪ್ರತಿನಿಧಿ ಸಭೆಯು 1881ರ ಅಕ್ಟೋಬರ್ 7ರಂದು 144 ಮಂದಿ ಸದಸ್ಯರೊಡನೆ ಮೊದಲ ಸಲ ಸೇರಿತ್ತು. ವರ್ಷ ವರ್ಷವೂ ದಸರಾ ಕಾಲದಲ್ಲಿ ದಿವಾನರು ಆ ಸಭೆಯ ಮುಂದೆ ನಿಂತು, ಕಳೆದ ವರ್ಷದಲ್ಲಿ ಬಂದುದೆಷ್ಟು, ಖರ್ಚಾದುದೆಷ್ಟು, ಮುಂದೆ ಮಾಡಬೇಕೆಂದಿರುವುದೇನು ಎಂಬುದನ್ನು ಓದಿ ಹೇಳುವರು. ರೈತರೂ ವರ್ತಕರೂ ತಮ್ಮ ಸೀಮೆಯ ಕಷ್ಟಗಳನ್ನು ಹೇಳಿಕೊಳ್ಳುವರು. ಆಗ ಆ ಸಭೆಗೆ ಅಧಿಕಾರವಿರಲಿಲ್ಲ. ಕೇಳುವ ಹಕ್ಕು ಮಾತ್ರ ಇತ್ತು. ಅದರಲ್ಲಿ ಕೂಡುತ್ತಿದ್ದವರೂ ಸ್ಥಿತಿವಂತರೇ. ರಾಜ್ಯದ ತಲೆಯಲ್ಲಿ ಒಬ್ಬ ಸ್ತ್ರೀಯು ಇದ್ದಾಗಲೂ ಆ ಸಭೆಯಲ್ಲಿ ಹೆಂಗಸರಿಗೆ ಸ್ಥಾನವಿರಲಿಲ್ಲವೆಂಬುದು ವಿಚಿತ್ರವಾದರೂ ನಿಜ. ಆದರೆ ಆಳುವವರು ಆಳಿಸಿಕೊಳ್ಳುವವರ ಎದುರಿಗೆ ವರ್ಷಕ್ಕೊಮ್ಮೆ ಪುಸ್ತಕ ಬಿಚ್ಚಬೇಕೆಂಬ ರೂಢಿಯು ಬಾಲಕ ಅರಸರ ಕಾಲದಲ್ಲಿಯೂ ನಿಲ್ಲಲಿಲ್ಲ. ನಮ್ಮ ಅಡಕೆ ತೋಟದ ಚಿಕ್ಕಪ್ಪನಿಗೆ ಯಾವುದು ಅವಮಾನವೆಂದು ತೋರಿತೋ ಅದು ಇಲ್ಲಿ ಹಬ್ಬದ ಒಂದು ಅಂಗವೇ ಆಗಿತ್ತು!

ಇದಕ್ಕಿಂತಲೂ ಹೆಚ್ಚಿನ ಕೆಲಸವು ಅರಮನೆಯ ಒಳಗೆ ನಡೆಯುತ್ತಿತ್ತು. ರಾಜ್ಯವನ್ನು ಮಗನಿಗಾಗಿ ಕಾಯುವುದರ ಜೊತೆಗೆ, ಮಗನನ್ನು ರಾಜ್ಯಕ್ಕಾಗಿ ಸಿದ್ಧಮಾಡುವುದು. ಬಾಲಕ ಕೃಷ್ಣರಾಜರಿಗೆ ಸಂಸ್ಕೃತ, ಕನ್ನಡ, ಇಂಗ್ಲಿಷ್, ಸಂಗೀತ, ಕುದುರೆಯ ಸವಾರಿ ಎಲ್ಲದರಲ್ಲಿಯೂ ಶಿಕ್ಷಣ ದೊರೆಯಿತು. ಸ್ಟುವರ್ಟ್ ಫ್ರೇಜರ್ ಎಂಬ ಅಧಿಕಾರಿಯು ಅವರಿಗೆ ಗುರುವಾಗಿದ್ದು ಆಡಳಿತದ ಕೆಲಸಗಳನ್ನು ಕಲಿಸಿದನು. ಇದು ಸಣ್ಣ ಮಾತಲ್ಲ. ಅಧಿಕಾರದಲ್ಲಿರುವವರಿಗೆ ತಮ್ಮ ನಂತರ ಬರುವವನು ಸ್ವಲ್ಪ ಪೆದ್ದನಾಗಿದ್ದರೇ ಒಳ್ಳೆಯದೆಂದು ಒಳಗೊಳಗೇ ತೋರುವುದುಂಟು. ಅವನು ಎಡವಿದಷ್ಟೂ ತಮ್ಮ ಕಾಲದ ಹೊಗಳಿಕೆ ಬೆಳೆಯುವುದಲ್ಲವೆ? ಸೊಸೆಗೆ ಹುಳಿಯ ಹದವನ್ನು ಹೇಳಿಕೊಡದೆ, ಬಂದವರ ಮುಂದೆ ಅವಳ ಹುಳಿಯನ್ನು ಆಡಿಕೊಳ್ಳುವ ಅತ್ತೆಯರನ್ನು ನಾವು ಕಂಡಿಲ್ಲವೆ? ಉತ್ತರಾಧಿಕಾರಿಯನ್ನು ತನಗಿಂತ ಬಲ್ಲವನನ್ನಾಗಿ ಮಾಡಲು ಯತ್ನಿಸುವುದೇ ಅಧಿಕಾರದ ಕಟ್ಟಕಡೆಯ, ಎಲ್ಲಕ್ಕಿಂತ ಕಠಿನವಾದ ಕರ್ತವ್ಯವೆಂದು ನಮಗೆ ತೋರುತ್ತದೆ.

1902ರ ಆಗಸ್ಟ್ 8ರಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ವೈಸರಾಯ್ ಕರ್ಜನ್ ಪ್ರಭುವಿನ ಸಮಕ್ಷಮದಲ್ಲಿ ಹದಿನೆಂಟು ವರ್ಷದ ಕೃಷ್ಣರಾಜ ಒಡೆಯರು ಪೂರ್ಣಾಧಿಕಾರವನ್ನು ವಹಿಸಿಕೊಂಡರು. ಮಹಾರಾಣಿಯವರ ರೀಜೆನ್ಸಿಯು ಆ ದಿನ ಮುಗಿಯಿತು. ಅವರು ಅದಾದಮೇಲೆ ಬಹುಕಾಲ ಬದುಕಿದ್ದರು, ತೀರಿಕೊಂಡುದು 1934ರಲ್ಲಿ. ಏಳು ವರ್ಷ ಆಳಿ, ಮೂವತ್ತೆರಡು ವರ್ಷ ಆಳದೆ ಇದ್ದರು. ಆ ಮೂವತ್ತೆರಡು ವರ್ಷಗಳಲ್ಲಿ ಮೈಸೂರಿನಿಂದ ಹೊರಟ ಆಜ್ಞೆಗಳು ಮಹಾರಾಜರವು, ದಿವಾನರವು; ರಾಜಮಾತೆಯವರವಲ್ಲ. ಆಳಿದ ಏಳು ವರ್ಷಗಳಿಗೆ ನಾವು ಕೈಮುಗಿಯಬಹುದು. ಆಳದ ಮೂವತ್ತೆರಡು ವರ್ಷಗಳಿಗೆ ಇನ್ನೊಂದು ಸಲ ಕೈಮುಗಿಯಬೇಕು. ಮಗನಾದರೋ 1940ರವರೆಗೆ ರಾಜ್ಯವಾಳಿ, 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ, 1916ರಲ್ಲಿ ವಿಶ್ವವಿದ್ಯಾನಿಲಯ, ಕನ್ನಂಬಾಡಿಯ ಕಟ್ಟೆ ಇವೇ ಮೊದಲಾದ ಕಾರ್ಯಗಳಿಂದ ತಾಯಿಯ ನಂಬಿಕೆಯನ್ನು ಉಳಿಸಿಕೊಂಡರು.

ಪೂರ್ಣಯ್ಯನವರನ್ನು ಕೆಟ್ಟವರೆಂದೂ ಮಹಾರಾಣಿಯವರನ್ನು ಒಳ್ಳೆಯವರೆಂದೂ ಬಗೆದು ತಕ್ಕಡಿ ಹಿಡಿಯುವುದು ನಮ್ಮ ಉದ್ದೇಶವಲ್ಲ. ಒಬ್ಬರು ಯುದ್ಧದ ಬೂದಿಯ ಮೇಲೆ ರಾಜ್ಯವನ್ನು ಕಟ್ಟಿದರು. ಇನ್ನೊಬ್ಬರಿಗೆ ಕಟ್ಟಿದ ರಾಜ್ಯ ಕೈಗೆ ಬಂದಿತು. ಒಬ್ಬರಿಗೆ ಅರಸನು ಒಡೆಯ. ಇನ್ನೊಬ್ಬರಿಗೆ ಹೆತ್ತ ಮಗ. ಎರಡು ಕಾಲದಲ್ಲಿಯೂ ಇಂಗ್ಲಿಷರ ಕೈ ಮೇಲಿದ್ದುದರಿಂದ, ಯಾವುದು ಇವರ ಗುಣ, ಯಾವುದು ಅವರ ಬಿಗಿ ಎಂದು ಬಿಡಿಸುವುದೂ ಕಷ್ಟ. ಆದರೆ ಸಾಮರ್ಥ್ಯದಲ್ಲಿ ಪೂರ್ಣಯ್ಯನವರಿಗೆ ಸಮಾನರು ವಿರಳವೆಂದು ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಸಾಮರ್ಥ್ಯವು ಬೊಕ್ಕಸವನ್ನು ತುಂಬಬಲ್ಲದು. ಒಪ್ಪಿಸುವ ಮನಸ್ಸು ಮಾತ್ರವೇ ಮುಂದಿನವರನ್ನು ಉಳಿಸಬಲ್ಲದು.

ಇಂದು ಅರಸರಿಲ್ಲ, ದಿವಾನರಿಲ್ಲ. ಪ್ರಜೆಗಳೇ ಒಡೆಯರೆಂದು 1950ರಿಂದ ನಮ್ಮ ಸಂವಿಧಾನ ಹೇಳುತ್ತಿದೆ. ಆದರೆ ಗೊಂಚಲಿನ ಧರ್ಮ ಬದಲಾಗಿಲ್ಲ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಪಂಚಾಯತಿಗಳಲ್ಲಿ ಮೂರರಲ್ಲೊಂದು ಪಾಲಿಗೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಹೆಂಗಸರಿಗೆ ಇಟ್ಟಿತು. ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲಿಯೇ ನಾಲ್ಕರಲ್ಲೊಂದು ಪಾಲು ಸಿಕ್ಕಿತ್ತು. ಈಗ ಅದು ಅರ್ಧದಷ್ಟಾಗಿದೆ. ಬಹಳ ಕಡೆ ನಮ್ಮ ಸೋದರಿಯರು ಆ ಸ್ಥಾನವನ್ನು ಘನವಾಗಿ ತುಂಬಿದ್ದಾರೆ. ಕೆಲವು ಕಡೆ ಮಾತ್ರ ಅಧ್ಯಕ್ಷಿಣಿಯ ಹೆಸರು ಫಲಕದ ಮೇಲೆ, ಅಧ್ಯಕ್ಷಿಣಿಯ ಗಂಡ ಕುರ್ಚಿಯ ಮೇಲೆ! ರುಜು ಅವಳದು, ಮಾತು ಅವನದು. ಅವನೂ ಕಳ್ಳನೇ ಆಗಿರಬೇಕೆಂದಿಲ್ಲ. "ಅವಳಿಗೇನು ಗೊತ್ತು, ಪಾಪ" ಎಂಬ ಕರುಣೆಯೇ ಇರಬಹುದು. ಗೊತ್ತಿಲ್ಲದಿದ್ದರೆ ಗೊತ್ತುಮಾಡಿಕೊಡಲಿ, ಗೊತ್ತಾದ ದಿನ ಬಾಗಿಲಿನಾಚೆಗೆ ನಿಲ್ಲಲಿ. ಗ್ರಾಮ ಪಂಚಾಯತಿಯು ವರ್ಷಕ್ಕೊಮ್ಮೆ ಜಮಾಬಂದಿ ನಡೆಸಿ ಲೆಕ್ಕವನ್ನು ಊರವರ ಮುಂದೆ ಇಡಬೇಕೆಂಬ ನಿಯಮವುಂಟು. ಆ ದಿನ ಊರವರು ಹೊಲಕ್ಕೆ ಹೋಗದೆ ಅಲ್ಲಿಗೆ ಹೋಗಿ ಕೂತು ಕೇಳಿದರೆ, ಆಳುವವರನ್ನು ಬೈದುಕೊಳ್ಳುವ ನಮ್ಮ ಅರ್ಧ ಮಾತುಗಳು ಉಳಿಯುತ್ತಿದ್ದವು.

ಮನೆಯಲ್ಲಿ ಯಜಮಾನಿಕೆ ವಹಿಸಿರುವ ವಾಚಕರಿಗೂ ವಾಚಕಿಯರಿಗೂ ನಮ್ಮ ವಿಜ್ಞಾಪನೆ ಇಷ್ಟೇ. ಕೈಯಲ್ಲಿರುವ ಗೊಂಚಲು ಯಾರದೆಂಬುದನ್ನು ದಿನಕ್ಕೊಮ್ಮೆ ನೆನೆಯಿರಿ. ಕೇಳುವ ಮೊದಲೇ ಲೆಕ್ಕವನ್ನು ತೋರಿಸಿರಿ. ಕೇಳಿದ ಮೇಲೆ ತೋರಿಸಿದ ಲೆಕ್ಕವು ಸರಿಯಾಗಿದ್ದರೂ ಕಹಿಯಾಗಿರುವುದು. ಮುಂದೆ ಬರುವವರಿಗೆ ಕೆಲಸವನ್ನು ಕಲಿಸಿರಿ. ಅವರು ಒಂದೆರಡು ಸಲ ಹಾಳುಮಾಡಿದರೆ ಆ ನಷ್ಟವನ್ನು ಕಲಿಕೆಯ ಖರ್ಚೆಂದು ಬರೆದುಕೊಳ್ಳಿರಿ. ಒಪ್ಪಿಸುವ ದಿನವನ್ನು ನೀವೇ ಗೊತ್ತುಮಾಡಿಕೊಳ್ಳಿರಿ, ಯಮಧರ್ಮನಿಗೆ ಬಿಡಬೇಡಿರಿ. ಒಪ್ಪಿಸಿದ ಮೇಲೆ, ಕೇಳಿದರೆ ಬುದ್ಧಿ ಹೇಳಿರಿ; ಕೇಳದಿದ್ದರೆ ಮೊಮ್ಮಕ್ಕಳಿಗೆ ಕಥೆ ಹೇಳಿರಿ.

ಮೊದಲು ಹೇಳಿದ ಆ ಮನೆಯ ಮಾತನ್ನು ಮುಗಿಸದೆ ಬಿಟ್ಟರೆ ವಾಚಕರು ನಮ್ಮನ್ನು ಕ್ಷಮಿಸಲಾರರು. ಪಾಲಾದ ಮೂರು ವರ್ಷಕ್ಕೆ ಚಿಕ್ಕಪ್ಪನು ಕಾಯಿಲೆ ಬಿದ್ದ. ಹುಡುಗನೇ ಬಂದು ಹಗಲಿರುಳು ಹಾಸಿಗೆಯ ಪಕ್ಕದಲ್ಲಿ ಕೂತ. ಲೆಕ್ಕದ ಮಾತನ್ನು ಇಬ್ಬರೂ ಎತ್ತಲಿಲ್ಲ. ಒಂದು ದಿನ ಮಾತ್ರ ಮುದುಕ, "ಬರೆದಿಡಬೇಕಾಗಿತ್ತು ಕಣೋ," ಎಂದನಂತೆ. ಅಷ್ಟೇ. ಈಗ ಆ ಹುಡುಗನಿಗೂ ತಲೆ ನರೆತಿದೆ. ಅವನ ಮನೆಯ ನಡುಮನೆಯ ಗೂಡಿನಲ್ಲಿ ದೇವರ ಪಟದ ಕೆಳಗೆ ಒಂದು ಜಮಾಖರ್ಚಿನ ಪುಸ್ತಕವಿರುತ್ತದೆ, ಅದಕ್ಕೆ ಬೀಗವಿಲ್ಲ. ಯುಗಾದಿಯ ದಿನ ಬೇವುಬೆಲ್ಲವಾದ ಮೇಲೆ ಅವನು ಅದನ್ನು ತೆಗೆದು, ಹೆಂಡತಿ, ಮಕ್ಕಳು, ಸೊಸೆ ಎಲ್ಲರ ಮುಂದೆ ಆ ವರ್ಷದ ಲೆಕ್ಕವನ್ನು ಓದುತ್ತಾನೆ. ಕಿರಿಯ ಮಗಳು ನಡುನಡುವೆ ಪ್ರಶ್ನೆ ಕೇಳುತ್ತಾಳಂತೆ. ಅವನು ಓದುವುದನ್ನು ನಿಲ್ಲಿಸಿ, ಉತ್ತರ ಹೇಳಿ, ಮುಂದಕ್ಕೆ ಓದುತ್ತಾನಂತೆ.